ಓಡೋ ಗಂಡಿಗೆ ಹೆಣ್ಣು ಕೊಡೋರು ಯಾರು?

ರಸ್ತೆಯಲ್ಲಿ ನಡೆದು ಹೋಗೋನನ್ನು ನಮ್ಮ ಕಡೆ ಯಾರೂ ಏನೂ ಕೇಳೋದಿಲ್ಲ. ಓಡೋನು ಕಂಡನೋ, ಮುಗೀತು, ಊರೆಲ್ಲ ಕೇಳುತ್ತೆ. ಐವತ್ತರ ದಶಕದಲ್ಲಿ ನಾನು ಗುಂಡ್ಲುಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದೆ. ಹಗಲೆಲ್ಲ ಫೈಲು ಹೊರೋದು, ಬೆಳಗಾಗೆದ್ದು ಏಳೆಂಟು ಮೈಲಿ ಓಡೋದು. ರಜಾ ದಿನ ಎಲ್ಲಿ ರಸ್ತೆ ಓಟದ ಪಂದ್ಯ ಇಟ್ಟರೂ ಅಲ್ಲಿ ನಾನು ಹಾಜರ್. ನನ್ನ ಕಾಲು ನನಗೆ ಎಂದೂ ತೊಂದರೆ ಕೊಟ್ಟದ್ದಿಲ್ಲ. ತೊಂದರೆ ಕೊಟ್ಟೋರೆಲ್ಲ ರಸ್ತೆ ಬದಿ ನಿಂತೋರೇ.

೧. ಸಾವಿನ ಸುದ್ದಿ

ಆಗ ಹಳ್ಳಿಗಳಲ್ಲಿ ಫೋನು ಗೀನು ಎಲ್ಲಿತ್ತು? ಯಾರಾದರೂ ತೀರಿಕೊಂಡರೆ ಒಬ್ಬ ಆಳು ಊರಿಂದೂರಿಗೆ ಓಡಿ ನೆಂಟರಿಗೆ ಸುದ್ದಿ ಮುಟ್ಟಿಸಬೇಕು. ಹಾಗಾಗಿ ಬೆಳಗ್ಗೆ ಬೆಳಗ್ಗೆಯೇ ಒಬ್ಬ ಏದುಸಿರು ಬಿಡುತ್ತಾ ಓಡಿ ಬಂದ ಅಂದರೆ ಅದಕ್ಕೆ ಅರ್ಥ ಒಂದೇ.

ಒಂದು ದಿನ ತೆರಕಣಾಂಬಿ ರಸ್ತೆಯಲ್ಲಿ ಒಂದು ಹಳ್ಳಿ ದಾಟುತ್ತಿದ್ದೆ. ಬಾಗಿಲಿಗೆ ಸಗಣಿ ನೀರು ಹಾಕುತ್ತಿದ್ದ ಅಜ್ಜಿ ಅಡ್ಡ ಬಂದು ನಿಲ್ಲಿಸಿದಳು.

"ಯಾರಪ್ಪಾ ಸತ್ತೋದೋರು?"

"ಯಾರೂ ಇಲ್ಲ ಕಣಜ್ಜಿ. ನಾನು ಸುಮ್ನೆ ಓಡ್ತಾವ್ನಿ."

"ಅಯ್ಯೋ, ಸುದ್ದಿ ಏಳಕ್ಕೂ ಬಾಯಿ ಬತ್ತಿಲ್ಲ ಮಗೀಗೆ!" ಅಂದು ಎದೆ ಬಡಿದುಕೊಂಡಳು.

ನಾನು ಓಡಿದೆ. ತಿರುಗಿ ಬರುವ ಹೊತ್ತಿಗೆ ಹತ್ತು ಹೆಂಗಸರು ಜಗಲಿ ಮೇಲೆ ಕೂತು ಅಳುತ್ತಿದ್ದರು. ಸತ್ತದ್ದು ಪಕ್ಕದೂರಿನ ತನ್ನ ತಮ್ಮನೇ ಅಂತ ಅಜ್ಜಿ ತೀರ್ಮಾನ ಮಾಡಿಬಿಟ್ಟಿದ್ದಳು. ಅವನಿಗೆ ವಾರದಿಂದ ಕೆಮ್ಮಿತ್ತಂತೆ. ನಾನು ಕೈ ಮುಗಿದು ಬಿಡಿಸಿ ಹೇಳುತ್ತಿರುವಾಗಲೇ ಆ ತಮ್ಮ ಎತ್ತು ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದ. ನಡೆದದ್ದನ್ನೆಲ್ಲ ಕೇಳಿ ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ: "ಓಡು ಕಣಪ್ಪ, ಬ್ಯಾಡ ಅನ್ನಕಿಲ್ಲ. ಆದ್ರೆ ಒಸಿ ನಗ್ತಾ ಓಡು."

೨. ರೇಸು

ಉಮ್ಮತ್ತೂರಿನಲ್ಲಿ ನನಗೊಂದು ಹೆಣ್ಣು ನೋಡಿದರು. ಹುಡುಗಿ ನೀರಿನ ಚೆಂಬು ಕೊಡುವಾಗ ತಲೆ ತಗ್ಗಿಸಿಕೊಂಡೇ, "ಅಷ್ಟು ದೂರ ಓಡುದ್ರೆ ಕಾಲು ನೋಯಾಕಿಲ್ವಾ?" ಅಂತ ಮೆಲ್ಲಗೆ ಕೇಳಿದಳು. ನನ್ನ ಕಾಲಿನ ಯೋಗಕ್ಷೇಮ ಅಲ್ಲೀವರೆಗೆ ಒಬ್ಬರೂ ವಿಚಾರಿಸಿರಲಿಲ್ಲ. ಕಟ್ಟಿಕೊಂಡರೆ ಇವಳನ್ನೇ ಅಂತ ಆ ಕ್ಷಣವೇ ಗಟ್ಟಿ ಮಾಡಿಕೊಂಡೆ.

ನಮ್ಮ ದೊಡ್ಡಪ್ಪ ನನ್ನ ದೊಡ್ಡಸ್ತಿಕೆ ಕೊಚ್ಚಲು ಹೋಗಿ, "ರಜಾ ಬಂದ್ರೆ ಸಾಕು, ಹುಡ್ಗ ರೇಸಿಗೋಯ್ತಾನೆ" ಅಂದುಬಿಟ್ಟರು. ಆ ಕಾಲಕ್ಕೆ ನಮ್ಮ ಕಡೆಯವರಿಗೆ ರೇಸು ಅಂದರೆ ಮೈಸೂರಿನ ಕುದುರೆ ಜೂಜು ಒಂದೇ. ಹೆಣ್ಣಿನ ಅಪ್ಪ ಎದ್ದು ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದರು.

"ರೇಸಾ? ರೇಸಿಗೋಗಿ ಹೊಲ ಮನೆ ಕಳ್ಕಂಡೋರ್ನ ಕಣ್ಣಾರೆ ಕಂಡಿವ್ನಿ. ಏಳಿ ಮ್ಯಾಕೆ."

"ಆ ರೇಸಲ್ಲ ಮಾವ! ಇದ್ರಲ್ಲಿ ಕುದುರೆ ಇರಾಕಿಲ್ಲ. ನಾನೇ ಓಡೋದು" ಅಂದೆ.

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಕೇಳಿದರು: "ಮ್ಯಾಲೆ ಯಾರು ಕೂತ್ಕತಾರೆ?"

೩. ಪಂಚೆ

ದೊಡ್ಡಪ್ಪ ಕಾಲು ಹಿಡಿಯೋದೊಂದು ಬಾಕಿ. ಕೊನೆಗೆ ಮಾವ ಒಂದು ಮಾತಿಗೆ ಬಂದರು. "ಜನವರಿ ಇಪ್ಪತ್ತಾರಕ್ಕೆ ಚಾಮರಾಜನಗರದಲ್ಲಿ ಓಡ್ತಾನಂತಲ್ಲ, ನಾನೇ ಬಂದು ನೋಡ್ತೀನಿ. ಓಡೋಗೋ ಗಂಡಿಗೆ ಹೆಣ್ಣು ಕೊಡಕಾಯ್ತದಾ? ಮನ್ಸಿಗೆ ಬಂದ್ರೆ ವೀಳ್ಯ, ಇಲ್ದಿದ್ರೆ ಇಲ್ಲ."

ನಮ್ಮವ್ವನಿಗೆ ಬೇರೆಯದೇ ಚಿಂತೆ. "ಮಾವನ ಮುಂದೆ ತೊಡೆ ಬುಟ್ಕಂಡು ಓಡ್ತೀಯೇನ್ಲಾ? ಮಾನ ಮರ್ವಾದೆ ಬ್ಯಾಡ್ವಾ?" ಅಂದು, ಚೆಡ್ಡಿಯ ಮೇಲೆ ಹೊಸಾ ಪಂಚೆ ಉಡಿಸಿ, ಹಣೆಗೆ ಕುಂಕುಮ ಇಟ್ಟು ಕಳಿಸಿದಳು. ಹಾಗೇ ಹೋಗಿ ಸಾಲಿನಲ್ಲಿ ನಿಂತೆ. ಓಟ ಶುರು ಮಾಡಿಸುವ ಮೇಷ್ಟ್ರು ಬಾಯಿಗಿಟ್ಟ ಸೀಟಿ ತೆಗೆದು ನನ್ನನ್ನೇ ನೋಡಿದರು.

"ಯಜಮಾನ್ರೇ, ಮದುವೆ ಮನೆ ಇರೋದು ಪಕ್ಕದ ಬೀದೀಲಿ."

೪. ಎದುರಿಗೆ ಬಂದ ಮಾವ

ಪಂಚೆ ಕಳಚಿ ದೊಡ್ಡಪ್ಪನ ಕೈಗೆ ಕೊಟ್ಟು ಓಡಿದೆ. ಚಂದಕವಾಡಿ ರಸ್ತೆಯಲ್ಲಿ ಮೂರು ಮೈಲಿ ಹೋಗಿ ವಾಪಸ್ ಊರಿಗೆ ಬರಬೇಕು. ಬರುವಾಗ ನಾನೇ ಮುಂದೆ. ನಂಜನಗೂಡಿನವನೊಬ್ಬ ಐವತ್ತು ಗಜ ಹಿಂದೆ. ಮುಗಿಯೋ ಗೆರೆ ಕಣ್ಣಿಗೆ ಕಾಣುತ್ತಿದೆ. ಫಸ್ಟ್ ಬಂದರೆ ಮಾವ ಒಪ್ಪದೆ ಎಲ್ಲಿಗೆ ಹೋಗ್ತಾರೆ ಅಂತ ಎದೆ ಉಬ್ಬಿತ್ತು.

ಅಷ್ಟರಲ್ಲಿ ಜನರ ಸಾಲಿನಿಂದ ಆ ಮಾವನೇ ಕೊಡೆ ಹಿಡಿದುಕೊಂಡು ರಸ್ತೆ ಮಧ್ಯಕ್ಕೆ ಬಂದರು.

"ಏನಪ್ಪಾ, ಚೆಂದಾಗಿದ್ದೀಯಾ?"

ಎದುರಾದ ಹಿರೀಕರು ಮಾತಾಡಿಸಿದರೆ ನಿಂತು ಉತ್ತರ ಹೇಳೋದು ನಮ್ಮಲ್ಲಿ ರೂಢಿ. ಅದರಲ್ಲೂ ಹೆಣ್ಣು ಕೊಡಬೇಕಾದೋರು! ಕಾಲು ತಾನಾಗೇ ನಿಂತುಬಿಟ್ಟಿತು. ಕೈ ಮುಗಿದೆ.

"ಚೆಂದಾಗಿವ್ನಿ ಮಾವ."

"ಅವ್ವ ಉಸಾರಾ?"

"ಉಸಾರು ಮಾವ."

ನಂಜನಗೂಡಿನವನು ನಮ್ಮಿಬ್ಬರನ್ನೂ ಬಳಸಿಕೊಂಡು ಬುರ್ರನೆ ಹೋದ. ಜನ "ಓಡ್ಲಾ! ಓಡ್ಲಾ!" ಅಂತ ಬಾಯಿ ಬಡಿದುಕೊಳ್ಳುತ್ತಿದ್ದಾರೆ.

"ಉಂಡ್ಯಾ?"

"ಇನ್ನೂ ಇಲ್ಲ ಮಾವ. ಬರ್ಲಾ?"

"ಹೂಂ, ಓಗ್ಬುಟ್ಟು ಬಾ."

ಎರಡನೆಯವನಾಗಿ ಬಂದು ಗೆರೆ ಪಕ್ಕ ಕೂತೆ. ನಾಚಿಕೆ ಬಿಟ್ಟು ಹೇಳ್ತೀನಿ, ಅತ್ತುಬಿಟ್ಟೆ. ಓಟವೂ ಹೋಯಿತು, ಹೆಣ್ಣೂ ಹೋಯಿತು ಅಂತ ಸಂಕಟ. ಮಾವ ಕೊಡೆ ಊರಿಕೊಂಡು ನಿಧಾನವಾಗಿ ಬಂದು ದೊಡ್ಡಪ್ಪನಿಗೆ ಹೇಳಿದರು: "ಓಡೋಗ್ತಾನೇನೋ ಅನ್ಕಂಡಿದ್ದೆ ಕಣಣ್ಣ. ಮಾತಾಡ್ಸುದ್ರೆ ನಿಂತ್ಕತಾನೆ. ಗಂಡು ಅಂದ್ರೆ ಇಂಗಿರ್ಬೇಕು. ವೀಳ್ಯಕ್ಕೆ ಒಂದು ದಿನ ನೋಡಿ."

ನನಗೆ ಎದ್ದು ಕುಣಿಯೋಣ ಅನ್ನಿಸಿತು. ಆದರೂ ಓಟಗಾರನ ಹೊಟ್ಟೆಯುರಿ ಬಿಡಬೇಕಲ್ಲ!

"ಅದ್ಸರಿ ಮಾವ, ಫಸ್ಟು ಅವ್ನು ಬಂದ್ಬುಟ್ನಲ್ಲ?" ಅಂದೆ.

ಮಾವ ಹಾರ ಹಾಕಿಸಿಕೊಳ್ಳುತ್ತಿದ್ದ ನಂಜನಗೂಡಿನವನನ್ನು ಕನಿಕರದಿಂದ ನೋಡಿದರು.

"ಬರ್ದೆ ಏನ್ ಮಾಡಾನು ಅಳಿಮಯ್ಯ? ಪಾಪ, ದಾರೀಲಿ ನಿಲ್ಲಿಸಿ ಮಾತಾಡ್ಸಕ್ಕೆ ಅವ್ನ್ಗೆ ಒಬ್ಬ ನೆಂಟನೂ ಇಲ್ಲ!"