ಡೇನಿಯಲ್‌ನ ಹಣ್ಣನ್ನು ನಾನು ಕಾಪಾಡಿದ್ದು

ಬೇರೆಯವರ ವಸ್ತುವನ್ನು ಜೋಪಾನ ಮಾಡುವುದರಲ್ಲಿ ನನಗೊಂದು ಹೆಸರಿದೆ. ಆ ಹೆಸರನ್ನು ಕೊಟ್ಟುಕೊಂಡವನು ನಾನೇ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ದುಬೈಯ ಊದ್ ಮೇಥಾದ ನಮ್ಮ ಬಿಲ್ಡಿಂಗಿನಲ್ಲಿ ಶಾಲೆಗೆ ಬೇಸಿಗೆ ರಜೆ ಬಂತೆಂದರೆ ಅರ್ಧಕ್ಕರ್ಧ ಜನ ಊರಿಗೆ ಹೊರಡುತ್ತಾರೆ. ಅವರ ಬೀಗದ ಕೈ, ತುಳಸಿ ಗಿಡ, ಮೀನಿನ ತೊಟ್ಟಿ ಎಲ್ಲ ನಮ್ಮ ಮನೆಗೆ ಬರುತ್ತವೆ. ತುಳಸಿಗೆ ನೀರು, ಮೀನಿಗೆ ಕಾಳು ಹಾಕುವವಳು ನನ್ನ ಹೆಂಡತಿ ವಸುಧಾ. ಊರಿಂದ ಮರಳಿದವರ ಕೈಯಿಂದ ಚಿರೋಟಿ ಡಬ್ಬ ತೆಗೆದುಕೊಂಡು, ಇದೆಲ್ಲ ಯಾಕೆ ತರೋಕೆ ಹೋದ್ರಿ ಅನ್ನುವವನು ನಾನು.

ಆಫೀಸಿನಲ್ಲಿ ಪಕ್ಕದ ಮೇಜಿನ ಡೇನಿಯಲ್ ಈ ಕೀರ್ತಿಯನ್ನು ನಂಬಿದ. ಅವನು ಯಹೂದಿ. ಆ ವರ್ಷ ದಸರೆ ಮುಗಿದ ಹುಣ್ಣಿಮೆಗೆ ಅವರ ಸುಕ್ಕೋತ್ ಹಬ್ಬ ಬಂದಿತ್ತು. ಅಂಗಳದಲ್ಲಿ ಗರಿಯ ಚಪ್ಪರ ಹಾಕಿ ಏಳು ದಿನ ಅದರಡಿ ಊಟ ಮಾಡುವ ಹಬ್ಬ. ಹಿರಿಯರು ಮರುಭೂಮಿಯಲ್ಲಿ ಅಲೆದದ್ದರ ನೆನಪಿಗಂತೆ. ಮರುಭೂಮಿಯಲ್ಲೇ ಮನೆ ಮಾಡಿ, ಎ.ಸಿ. ಬಿಟ್ಟು ಹೊರಗೆ ಕೂತು ಮರುಭೂಮಿಯನ್ನು ನೆನೆಯುವುದಕ್ಕೆ ನಿಜವಾದ ಭಕ್ತಿ ಬೇಕು. ಬೆಳಗಿನ ಪ್ರಾರ್ಥನೆಗೆ ಅವರ ಧರ್ಮಗ್ರಂಥ ಹೇಳಿದ ನಾಲ್ಕು ಸೇರಬೇಕು: ಖರ್ಜೂರದ ಎಳೆಗರಿ, ಮರ್ಟಲ್ ಎಂಬ ಪರಿಮಳದ ಸೊಪ್ಪು, ವಿಲೋ ಮರದ ರೆಂಬೆ, ಎತ್ರೋಗ್ ಎಂಬ ಹಣ್ಣು. ಖರ್ಜೂರದ ಮರ ದುಬೈಯಲ್ಲಿ ರಸ್ತೆ ರಸ್ತೆಗೂ ಇದೆ. ಎತ್ರೋಗ್ ಮಾತ್ರ ವಿಮಾನದಲ್ಲಿ ಬರಬೇಕು.

ಎಂಬತ್ತು ದಾಟಿದ ತಂದೆಯನ್ನು ಕರೆತರಲು ಡೇನಿಯಲ್ ಜೊಹಾನ್ಸ್‌ಬರ್ಗಿಗೆ ಹೊರಟಿದ್ದ. ತಾಯಿ ತೀರಿಕೊಂಡ ಮೇಲೆ ಮುದುಕರು ಹಬ್ಬ ಮಾಡುವುದನ್ನೇ ಬಿಟ್ಟಿದ್ದರಂತೆ. ಈ ಸಲ ಕಣ್ಣು ತುಂಬುವಂಥ ಹಣ್ಣು ತರಿಸುತ್ತೇನೆ ಎಂದು ಆಸೆ ಹುಟ್ಟಿಸಿ ಒಪ್ಪಿಸಿದ್ದ. ಮನೆಯಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಪಾರ್ಸೆಲ್ ನಮ್ಮ ಮನೆಗೆ. ತೆರೆದು ನೋಡು, ತುದಿಯಲ್ಲೊಂದು ಪುಟ್ಟ ಮೊನೆ ಇರುತ್ತದೆ, ಅದು ಮುರಿದಿದ್ದರೆ ಮೊದಲ ದಿನಕ್ಕೆ ಆ ಹಣ್ಣು ನಡೆಯುವುದಿಲ್ಲ ಎಂದು ಎರಡೆರಡು ಸಲ ಹೇಳಿದ. ಆ ಮೊನೆಗೆ ನಾನು ಜವಾಬ್ದಾರಿ ಎಂದು ಎದೆ ತಟ್ಟಿಕೊಂಡೆ.

ಮಹಾನವಮಿಯ ಬೆಳಿಗ್ಗೆ ಕೊರಿಯರಿನವನು, ಐವತ್ತು ದಾಟಿದ ಪಠಾಣನೊಬ್ಬ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ತೆರೆದರೆ ನಮ್ಮದೇ ಮಾದಲ ಹಣ್ಣಿನ ಅಣ್ಣತಮ್ಮ! ಹಳದಿ ಬಣ್ಣ, ಘಮಘಮ, ಮೊನೆ ಭದ್ರ. ಬೀರುವಿನಲ್ಲಿಡಿ ಎಂದಳು ವಸುಧಾ. ನಾನು ಕೇಳಲಿಲ್ಲ. ಗಣಪತಿಯ ಕೈಯಲ್ಲೇ ಇರುವ ಹಣ್ಣು, ಎಲ್ಲ ದೇವರೂ ಒಂದೇ ಎಂದು ಸಣ್ಣ ಭಾಷಣ ಮಾಡಿ, ಬಾಳೆಹಣ್ಣಿನ ತಟ್ಟೆಯ ಪಕ್ಕದಲ್ಲೇ ಇಟ್ಟು ಪೂಜೆಗೆ ಕೂತೆ.

ಮುಚ್ಚಿದ ಹಣ್ಣು ನೈವೇದ್ಯಕ್ಕೆ ಬರುವುದಿಲ್ಲ ಎಂದು ನನ್ನಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ಮೂವತ್ತು ವರ್ಷಗಳಿಂದ ನನ್ನ ಕೈ ಬಾಳೆಹಣ್ಣಿನ ತುದಿ ಮುರಿಯುತ್ತಿದೆ. ಬಾಯಿ ಮಂತ್ರ ಹೇಳುತ್ತಿರುತ್ತದೆ, ತಲೆ ಇನ್ನೆಲ್ಲೋ ಇರುತ್ತದೆ. ಆ ದಿನ ತಲೆ ಹೋಳಿಗೆಯ ಹತ್ತಿರವಿತ್ತು. ಒಂದು, ಎರಡು, ಮೂರು ಮುರಿದೆ. ನಾಲ್ಕನೆಯದು ಸ್ವಲ್ಪ ಗಟ್ಟಿ ಅನ್ನಿಸಿತು.

"ಏನ್ರೀ ಮಾಡಿದ್ರಿ?" ಅಂದಳು ವಸುಧಾ. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಬೆರಳ ತುದಿಯಲ್ಲಿ ಮೊನೆ ಇತ್ತು. ಅಂಟು ಹಾಕಿ ಕೂರಿಸಲು ನೋಡಿದೆ; ಹಣ್ಣು ಮೂಗಿಗೆ ಪ್ಲಾಸ್ಟರ್ ಹಾಕಿಕೊಂಡಂತೆ ಕಂಡಿತು, ಕಿತ್ತು ಒರೆಸಿಬಿಟ್ಟೆ. ಡೇನಿಯಲ್‌ಗೆ ಫೋನ್ ಮಾಡುವ ಧೈರ್ಯವಾಗದೆ ನಾಲ್ಕು ದಿನ ಕಳೆದೆ. ಹಬ್ಬದ ಹಿಂದಿನ ದಿನ ಅವನು ಬಂದಾಗ, ಬರುವಾಗಲೇ ಹೀಗಿತ್ತು ಎಂದು ನಾಚಿಕೆ ಬಿಟ್ಟು ಹೇಳಿದೆ. ಅವನ ಮುಖ ಬಾಡಿತು. ಅಪ್ಪನಿಗೆ ಏನು ಹೇಳಲಿ ಎಂದು ಹಣ್ಣನ್ನೇ ನೋಡುತ್ತ ನಿಂತ. ಆಮೇಲೆ, ತಂದುಕೊಟ್ಟವನ ಮೇಲೆ ದೂರು ಕೊಡುತ್ತೇನೆ ಎಂದು ಫೋನ್ ತೆಗೆದ. ಆ ಪಠಾಣನ ಎರಡು ಕೈಗಳು ಕಣ್ಣ ಮುಂದೆ ಬಂದವು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಬೇಡ ಡೇನಿಯಲ್, ಮುರಿದವನು ನಾನು. ದೇವರಿಗೆ ಅಂತ ಮುರಿದೆ," ಅಂದೆ.

ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಹಣ್ಣನ್ನೆತ್ತಿಕೊಂಡು ಹೋದ.

ಅವರಲ್ಲಿ ಮೊದಲ ದಿನದ ಹಣ್ಣು ಸ್ವಂತದ್ದೇ ಆಗಬೇಕಂತೆ, ಎರವಲು ನಡೆಯದು. ಇಲ್ಲದವರಿಗೆ ಇದ್ದವರು ಹಣ್ಣನ್ನು ದಾನವಾಗಿಯೇ ಕೊಡುತ್ತಾರೆ, ಮರಳಿಸಬೇಕು ಎಂಬ ಷರತ್ತಿನ ಮೇಲೆ. ಹಾಗೆ ಯಾರೋ ಪುಣ್ಯಾತ್ಮರು ಕೊಟ್ಟ ಎತ್ರೋಗ್ ಹಿಡಿದು ಮುದುಕರು ಪ್ರಾರ್ಥನೆ ಮಾಡಿ, ಕಣ್ಣೊರೆಸಿಕೊಂಡರಂತೆ. ಡೇನಿಯಲ್ ಫೋನಿನಲ್ಲಿ ಇದನ್ನು ಹೇಳಿ, ನಾಳೆ ಊಟಕ್ಕೆ ಬಾ, ಅಪ್ಪ ನಿನ್ನನ್ನು ನೋಡಬೇಕಂತೆ ಅಂದಾಗ ನನಗೆ ಹೋದ ಜೀವ ಬಂದಂತಾಯಿತು.

ಚಪ್ಪರದಡಿ ಬೆವರುತ್ತ ಮುದುಕರ ಎದುರು ಕೂತೆ. ನಿಮ್ಮ ದೇವರಿಗೆ ಇಡೀ ಹಣ್ಣು ಯಾಕೆ ಆಗುವುದಿಲ್ಲ ಎಂದು ವಿಚಾರಿಸಿದರು. ತೆರೆದಿಟ್ಟರೆ ತಿನ್ನಲು ಸುಲಭ ಎಂಬ ಭಾವನೆ ಎಂದು ವಿವರಿಸಿದೆ.

"ದೇವರು ತಿಂದನೇ?"

"ಇಲ್ಲ, ನೋಡ್ತಾನೆ ಅಷ್ಟೆ."

"ಮತ್ತೆ ತಿನ್ನೋರು ಯಾರು?"

"ನಾವೇ."

ಮುದುಕರು ನನ್ನನ್ನು, ಅದರಲ್ಲೂ ನನ್ನ ಹೊಟ್ಟೆಯನ್ನು, ನಿಧಾನವಾಗಿ ನೋಡಿದರು. "ಯಾರಿಗೋಸ್ಕರ ಮುರಿದಿರಿ ಅಂತ ಈಗ ಅರ್ಥವಾಯಿತು," ಅಂದರು. ಕೈಯಲ್ಲಿದ್ದ ಕೇಕಿನ ಮೂರನೆಯ ತುಂಡನ್ನು ನಾನು ಮೆಲ್ಲಗೆ ತಟ್ಟೆಗೆ ಇಳಿಸಿದೆ.