ಪುಟ್ಟಿಯ ಕೋಟೆ ಬಾಗಿಲು

ಪುಟ್ಟಿಯ ಅಮ್ಮ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋರ ಪ್ರತಿಜ್ಞೆ ಮಾಡಿದಳು: ತನ್ನ ಮೈಯಲ್ಲಿ ಉಸಿರಿರುವ ತನಕ ಈ ಮನೆಯ ಹೊಸ್ತಿಲನ್ನು ಅಪ್ಪಣೆಯಿಲ್ಲದೆ ಒಂದು ನೊಣವೂ ದಾಟಕೂಡದು!

ಆತಂಕ ಅವಳಿಗೆ ತವರಿನಿಂದ ಬಂದ ಆಸ್ತಿ. ಮಗು ಸೀನಿದರೆ ನ್ಯುಮೋನಿಯಾ ಭಯ, ಸೀನದಿದ್ದರೆ ಮೂಗು ಕಟ್ಟಿದೆಯೇನೋ ಎಂಬ ದಿಗಿಲು. ಇಂಥವಳಿಗಿದ್ದ ಒಂದೇ ನೆಮ್ಮದಿ ವಿಡಿಯೊ ಗೇಮು. ಅದರಲ್ಲೂ ಢಂ ಢಂ ಎಂದು ಬರೀ ಗುಂಡು ಹಾರಿಸುವಂಥದ್ದನ್ನು ಎಡಗೈಯಲ್ಲೂ ಮುಟ್ಟುತ್ತಿರಲಿಲ್ಲ. ಕಥೆ ಬೇಕು, ಊರೂರು ಅಲೆಯುವ ನಾಯಕಿ ಬೇಕು, ದಾರಿಯಲ್ಲಿ ಸಿಕ್ಕವರ ಕಷ್ಟಸುಖ ವಿಚಾರಿಸಬೇಕು. "ಒಳ್ಳೆ ಗೇಮ್ ಅಂದ್ರೆ, ಮೊದಲನೇ ಅಧ್ಯಾಯದಲ್ಲಿ ಆಡಿದ ಮಾತು ಮೂರನೇ ಅಧ್ಯಾಯದಲ್ಲಿ ಬಂದು ಕಾಲಿಗೆ ತೊಡರ್ಕೋಬೇಕು ರೀ," ಎಂದು ಊಟದ ನಡುವೆ ಗಂಡನಿಗೆ ಉಪನ್ಯಾಸ ಕೊಡುತ್ತಿದ್ದಳು. ಗಂಡ ಕನ್ನಡಕದಂಗಡಿಯವನು. ದಿನವಿಡೀ 'ಈಗ ಕಾಣುತ್ತಾ? ಈಗ?' ಎಂದು ಕೇಳಿ ಕೇಳಿ ದಣಿದವನು ಸುಮ್ಮನೆ ಹೂಂಗುಟ್ಟುತ್ತಿದ್ದ.

ಸದ್ಯ ಆಡುತ್ತಿದ್ದ ಗೇಮಿನ ಮೇಲೆ ಮಾತ್ರ ಅವಳಿಗೊಂದು ತಕರಾರಿತ್ತು. ಕೋಟೆ ಬಾಗಿಲಲ್ಲಿ ಒಬ್ಬ ಕಾವಲುಗಾರ. ನಾಯಕಿ ಮಳೆಯಲ್ಲಿ ತೊಯ್ದು ಬರಲಿ, ತೋಳ ಕಚ್ಚಿ ಕುಂಟುತ್ತ ಬರಲಿ, ಅವನದು ಒಂದೇ ಪಲ್ಲವಿ: 'ಗುಟ್ಟಿನ ಮಾತು ಹೇಳು, ಒಳಗೆ ಬಾ.' ಈ ಪಾತ್ರ ಬರೆದವನು ಜನ್ಮದಲ್ಲಿ ಮನುಷ್ಯರನ್ನು ಕಂಡಿಲ್ಲ, ಎದುರಿಗಿರುವವರ ಕಣ್ಣೀರಿಗೆ ಕರಗದ್ದು ಪಾತ್ರವೇ ಅಲ್ಲ, ಬರೀ ಚಿಲಕ ಎಂಬುದು ಅವಳ ಖಂಡಿತವಾದ ಅಭಿಪ್ರಾಯ.

ಬೈದರೇನು, ಉಪಾಯ ಹಿಡಿಸಿತು. ನಾಲ್ಕು ವರ್ಷದ ಪುಟ್ಟಿಗೆ ತರಬೇತಿ ಶುರುವಾಯಿತು. ಅಮ್ಮ ಒಂದು ನಿಮಿಷ ಹೊರಗೆ ಕಾಲಿಟ್ಟರೂ ಬಾಗಿಲು ಮುಚ್ಚಿ, ಪುಟ್ಟಿಯ ಎತ್ತರಕ್ಕೆಂದೇ ಹಾಕಿಸಿದ ಕೆಳಚಿಲಕ ಜಡಿಯಬೇಕು. ಗುಟ್ಟಿನ ಮಾತು ಕೇಳಿದ ಮೇಲೆಯೇ ತೆಗೆಯಬೇಕು. ದನಿ ಅಮ್ಮನದೇ ಇದ್ದೀತು, ಅತ್ತು ಕರೆದಾರು, ಚಾಕೊಲೇಟಿನ ಆಸೆ ತೋರಿಸಿಯಾರು, ಜಗ್ಗಕೂಡದು. ಮಾತು ಪ್ರತಿ ಸೋಮವಾರ ಬದಲು.

ಮೂರನೇ ಸೋಮವಾರ ಗಂಡ ಬೂಟು ಹಾಕಿಕೊಳ್ಳುತ್ತ ಅಂದ: "ಮಗೂಗೆ ಯಾಕೆ ಈ ಕೋಟೆ ಕಾವಲು? ನೋಡ್ತಿರು, ಒಂದಿನ ನೀನೇ ಹೊರಗುಳೀತೀಯ."

"ನಿಮ್ಮ ಅಂಗಡಿ ಬೋರ್ಡಿನ ದಪ್ಪಕ್ಷರ ಬಿಟ್ಟು ನಿಮಗೇನೂ ಕಾಣಲ್ಲ ಬಿಡಿ," ಎಂದಳು ಇವಳು.

ಆ ಸಿಟ್ಟಿನಲ್ಲೇ ಆ ವಾರದ ಮಾತನ್ನು ಆರಿಸಿದಳು. ಈ ಮನೆಯಲ್ಲಿ ಅಪ್ಪಿತಪ್ಪಿಯೂ ಯಾರ ಬಾಯಿಂದಲೂ, ಅದರಲ್ಲೂ ತನ್ನ ಬಾಯಿಂದ, ಹೊರಬೀಳಲು ಸಾಧ್ಯವೇ ಇಲ್ಲದ ಮಾತು. ಅದನ್ನು ಪುಟ್ಟಿಯ ಕಿವಿಯಲ್ಲಿ ಉಸುರಿ, ತಿರುತಿರುಗಿ ಹೇಳಿಸಿದಳು. ಅಷ್ಟರಲ್ಲಿ ಹಾಲು ಉಕ್ಕಿತು, ಪುಟ್ಟಿಯ ಒಂಟಿ ಶೂ ಕಾಣೆಯಾಯಿತು. ಈ ಗಡಿಬಿಡಿಯಲ್ಲಿ ಮಾತು ಅಮ್ಮನ ತಲೆಯಿಂದ ಮೆಲ್ಲಗೆ ಜಾರಿಹೋಯಿತು.

ಸಂಜೆ ಪುಟ್ಟಿಯ ಸ್ನಾನಕ್ಕೆ ನಲ್ಲಿ ತಿರುಗಿಸಿ, ಬಕೆಟ್ ತುಂಬುವಷ್ಟರಲ್ಲಿ ಮೆಟ್ಟಿಲ ಬಳಿಯ ಡಬ್ಬಿಗೆ ಕಸ ಹಾಕಿ ಬರೋಣವೆಂದು ಹೊರಗೆ ಹೋದಳು. ಬೆನ್ನ ಹಿಂದೆ ಠಪ್ಪೆಂದು ಬಾಗಿಲು, ಖಟ್ಟೆಂದು ಚಿಲಕ. ಎಂಥ ಮಗಳು ಎಂದು ಬೀಗಿದಳು. ಆ ಹೆಮ್ಮೆ ವಾಪಸು ಬಂದು ಬಾಗಿಲು ತಟ್ಟುವ ತನಕ ಬಾಳಿತು.

"ಪುಟ್ಟೀ, ತೆಗಿ."

"ಗುಟ್ಟಿನ ಮಾತು ಹೇಳು, ಒಳಗೆ ಬಾ."

'ನೀಲಿ ಆಮೆ' ಎಂದಳು. ಅದು ಹೋದ ವಾರದ್ದು. 'ಆನೆಗೆ ಜ್ವರ' ಎಂದಳು. ಅದು ಅದಕ್ಕೂ ಹಿಂದಿನದು. ಎದುರುಮನೆಯ ನರ್ಸಮ್ಮ ಥರ್ಮಾಮೀಟರ್ ಸಮೇತ ಹೊರಬಂದು ಯಾರಿಗೆ ಜ್ವರವೆಂದು ವಿಚಾರಿಸಿದರು. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಮೊದಲು ಬಕೆಟ್ಟಿನ ಸದ್ದು, ಆಮೇಲೆ ನೆಲದ ಸದ್ದು. ನುಣುಪು ಟೈಲ್ಸು, ಒದ್ದೆ ನೆಲ, ಒಂಟಿ ಮಗು. ಪುಟ್ಟಿಯ ಅಮ್ಮನ ಕಣ್ಣೆದುರು ಆಂಬುಲೆನ್ಸೇ ಬಂದು ನಿಂತಿತು. ನಿಂತಲ್ಲಿಂದ ಅಲ್ಲಾಡಬೇಡ, ಚಿಲಕ ಒಂದು ತೆಗಿ ಎಂದು ಗೋಗರೆದಳು.

"ನಾನು ನಿಮ್ಮಮ್ಮ ಕಣೇ!"

"ಕಳ್ಳರೂ ಹಾಗೇ ಅಂತಾರಂತೆ. ಅಮ್ಮ ಹೇಳಿದಾಳೆ."

ಅತ್ತಳು. ಅತ್ತರೂ ತೆಗೆಯಬಾರದಂತೆ. ಚಾಕೊಲೇಟ್ ಎಂದಳು. ಒಳಗೆ ಚಿಲಕದ ಮೇಲೆ ಬೆರಳಾಡಿದ ಸದ್ದು. ಪಾತ್ರ ಕರಗುತ್ತಿರುವಂತೆ ಕಂಡಿತು.

"ಎಷ್ಟು?"

"ಡಬ್ಬಿ ತುಂಬಾ, ಬಂಗಾರಾ!"

ಒಂದು ದೀರ್ಘ ನಿಟ್ಟುಸಿರು ಕೇಳಿಸಿತು. "ಗುಟ್ಟಿನ ಮಾತು ಹೇಳು, ಒಳಗೆ ಬಾ."

ಬಚ್ಚಲ ಮೋರಿಗೆ ಪುಟ್ಟಿಯ ರಬ್ಬರ್ ಬಾತುಕೋಳಿ ಅಡ್ಡಕೂತಿದ್ದು ಆಮೇಲೆ ತಿಳಿದ ಸಂಗತಿ. ಈಗ ಬಾಗಿಲ ಸಂದಿಯಿಂದ ನೀರು ಹೊರಬಂದು ಅಮ್ಮನ ಕಾಲ್ಬೆರಳನ್ನು ಸವರಿತು. ಅದೇ ಹೊತ್ತಿಗೆ ಗಂಡ ಮೆಟ್ಟಿಲೇರಿ ಬಂದ. ಅವನ ಕೀಲಿಗೆ ಬೀಗ ತಿರುಗಿತು, ಕೆಳಚಿಲಕ ಜಪ್ಪಯ್ಯ ಎನ್ನಲಿಲ್ಲ. ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ. ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬಡಗಿಯನ್ನು ಕರೆಸಿ ಬಾಗಿಲು ಒಡೆಸುವುದೇ ಸರಿ ಎಂದರು ನರ್ಸಮ್ಮ.

ಪುಟ್ಟಿಯ ಅಮ್ಮನ ಕೋಟೆ ಅಲ್ಲಿಗೆ ಕುಸಿಯಿತು. ನೀರಿನಲ್ಲೇ ಕೂತು ಹಣೆಯನ್ನು ಬಾಗಿಲಿಗೆ ಒತ್ತಿದಳು. "ನಂಗೇ ಬುದ್ಧಿ ಇಲ್ಲ ಕಂದಾ. ನಿಮ್ಮಪ್ಪ ಹೇಳಿದ್ದೇ ಸರಿ."

ಖಟ್.

ಬಾಗಿಲು ತೆರೆಯಿತು. ಒದ್ದೆ ಸಾಕ್ಸಿನಲ್ಲಿ ನಿಂತಿದ್ದ ಪುಟ್ಟಿ ಬೇಸರದಿಂದ ಅಂದಳು: "ಇಷ್ಟು ಹೊತ್ತು ಯಾಕಮ್ಮಾ? ಬೆಳಿಗ್ಗೆ ನೀನೇ ಹೇಳ್ಕೊಟ್ಟಿದ್ದಲ್ವಾ?"

ಅಮ್ಮ ಮಗಳನ್ನು ಬಾಚಿ ತಬ್ಬಿ, ಕೈಕಾಲು ತಡವಿ ನೋಡಿದಳು. ಗಂಡ ಒಳಹೋಗಿ ನಲ್ಲಿ ನಿಲ್ಲಿಸಿ, ಬಾತುಕೋಳಿಯನ್ನು ಎತ್ತಿಟ್ಟು ಬಂದ. ಅವನ ಮುಖದಲ್ಲಿ ವರ್ಷಗಳಿಂದ ಕಾಣದ ಕಳೆಯಿತ್ತು. ಮಗಳ ಮುಂದೆ ಮಂಡಿಯೂರಿ ಕೂತ.

"ಪುಟ್ಟೀ, ಅಮ್ಮನ್ನ ಇನ್ನೊಂದ್ಸಲ ಹೊರಗೆ ಹಾಕಿ ಚಿಲಕ ಹಾಕು. ನಂಗೆ ಸರಿಯಾಗಿ ಕೇಳಿಸ್ಲಿಲ್ಲ."