ಚಕ್ರವಿಲ್ಲದ ಗಾಡಿಗೊಂದು ವಿಮೆ

ಯಾರೂ ಕೇಳದಿದ್ದರೆ ಮನುಷ್ಯ ಎಂಥ ಸಂಗತಿಯನ್ನಾದರೂ ಎಷ್ಟು ವರ್ಷ ಬೇಕಾದರೂ ಮುಚ್ಚಿಟ್ಟುಕೊಂಡಿರಬಲ್ಲ. ನಾನು ಹದಿನೆಂಟು ವರ್ಷ ಮುಚ್ಚಿಟ್ಟುಕೊಂಡಿದ್ದೆ. ಪುಣೆಯ ಒಂದು ವಿಮಾ ಕಚೇರಿಯ ವಾಹನ ವಿಭಾಗದಲ್ಲಿ ಕೂತು, ಸ್ಕೂಟರು ಗುದ್ದಿಸಿಕೊಂಡು ಬಂದವರನ್ನೆಲ್ಲ ‘ಬ್ರೇಕು ಯಾಕೆ ತಡವಾಗಿ ಹಾಕಿದಿರಿ’ ಎಂದು ವಿಚಾರಿಸುತ್ತಿದ್ದ ನನಗೆ ಸ್ಕೂಟರಿರಲಿ, ಸೈಕಲ್ಲು ಕೂಡ ಬರುತ್ತಿರಲಿಲ್ಲ. ಬಾಗಲಕೋಟೆಯಲ್ಲಿ ಚಿಕ್ಕವನಿದ್ದಾಗ ಬಾಡಿಗೆ ಸೈಕಲ್ಲಿನಿಂದ ಒಂದೇ ದಿನ ಮೂರು ಸಲ ಬಿದ್ದು, ಮೂರನೆಯ ಸಲ ಒಬ್ಬ ಅಜ್ಜಿಯ ಬದನೆಕಾಯಿ ಬುಟ್ಟಿಯೊಳಗೇ ಬಿದ್ದು, ಆ ವಿದ್ಯೆಗೆ ಕೈಮುಗಿದಿದ್ದೆ. ತೊಟ್ಟಿಲಿಗಿಂತ ಮೊದಲು ಸ್ಕೂಟರು ಮನೆಗೆ ಬರುವ ಪುಣೆಯಲ್ಲಿ ಇಂಥವನು ಹೇಗೆ ಬಾಳಿದ ಎಂದು ನೀವು ಕೇಳಬಹುದು. ಹೆಂಡತಿಯ ಬೆನ್ನಿಗೆ ಕೂತು ಬಾಳಿದ. ಸುನಂದಾ ಮದುವೆಯಾದ ವರ್ಷವೇ ಮೊಪೆಡ್ ಕಲಿತಳು, ಆಮೇಲೆ ಸ್ಕೂಟರಿಗೆ ಏರಿದಳು. ಮುಖಕ್ಕೆ ಓಢಣಿ ಸುತ್ತಿಕೊಂಡು ದಿನಾ ಬೆಳಿಗ್ಗೆ ನಮ್ಮ ಮನೆಯಿದ್ದ ಕೋಥರೂಡಿನಿಂದ ನನ್ನನ್ನು ಕರೆತಂದು, ಕಚೇರಿಯ ಹಿಂದಿನ ತಿರುವಿನಲ್ಲಿ ಇಳಿಸಿ ಹೋಗುತ್ತಿದ್ದಳು. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದು, ಅದನ್ನು ಮೇಜಿನ ಮೇಲೆ ಇಡುತ್ತಿದ್ದೆ. ಗಾಡಿ ಎಲ್ಲಿ ನಿಲ್ಲಿಸಿದೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಮಗೆ ಪ್ರವಾಸದ ಭತ್ಯೆ ಸಿಕ್ಕಿತು. ಹುಟ್ಟಿ ಬುದ್ಧಿ ಬಂದ ಮೇಲೆ ಪುಣೆಯ ಪಕ್ಕದ ಸಿಂಹಗಡಕ್ಕಿಂತ ಎತ್ತರದ ಗುಡ್ಡ ನೋಡದವರು ನಾವು. ಮನಾಲಿಗೆ ಹೋಗುವುದೆಂದು ಗೊತ್ತಾಯಿತು. ಆಗಷ್ಟೇ ಅಲ್ಲಿಗೆ ಹೋಗಿ ಬಂದಿದ್ದ ನೆರೆಮನೆಯ ಪಾಟೀಲರು ಫೋಟೋ ತೋರಿಸಲು ಬಂದರು. ಒಂದು ಫೋಟೋದಲ್ಲಿ ಅವರು ಹಳದಿ ಬಣ್ಣದ ಯಂತ್ರವೊಂದರ ಮೇಲೆ ಕೂತಿದ್ದರು. ಅದಕ್ಕೆ ಸ್ನೋ ಸ್ಕೂಟರ್ ಅನ್ನುತ್ತಾರಂತೆ, ಹಿಮದ ಮೇಲೆ ಓಡುತ್ತದಂತೆ, ಅಲ್ಲಿ ಬಾಡಿಗೆಗೆ ಸಿಗುತ್ತದಂತೆ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲವಾದ ರಬ್ಬರಿನ ಪಟ್ಟಾ. ಚಕ್ರವೇ ಇರಲಿಲ್ಲ. ನನಗೆ ಮೈಯೆಲ್ಲ ಕುತೂಹಲ ಹತ್ತಿತು.

“ಇದು ವಾಲೂದಿಲ್ಲೇನ್ರಿ?” ಎಂದು ಕೇಳಿದೆ.

“ಎಲ್ಲೀ ವಾಲೂದ್ರಿ, ಎಮ್ಮಿ ಕುಂತಂಗ ಕೂಡ್ತದ,” ಎಂದರು ಪಾಟೀಲರು. “ಆದ್ರ ಒಡೀಬ್ಯಾಡ್ರಿ. ಒಡದ್ರ ಸಾಮಾನು ಹೊರದೇಶದಿಂದ ತರಸಬೇಕಂತ. ಆ ಖರ್ಚು ನಮ್ಮ ಮ್ಯಾಲ ಅಂತ ಕಾಗದಕ್ಕ ಸಹಿ ತೊಗೋತಾರ.”

ನಿಂತಲ್ಲಿ ವಾಲದ ಗಾಡಿಯೊಂದು ಲೋಕದಲ್ಲಿದೆ ಎಂಬುದು ನನಗೆ ಆ ಸಂಜೆಯವರೆಗೆ ಗೊತ್ತಿರಲಿಲ್ಲ. ಗುರುತಿನವರು ಯಾರೂ ಇಲ್ಲದ ಊರಿನಲ್ಲಿ, ಒಂದೇ ಒಂದು ಸಲ, ಸುನಂದಾಳನ್ನು ಹಿಂದೆ ಕೂಡಿಸಿಕೊಂಡು ನಾನು ಗಾಡಿ ನಡೆಸಬೇಕು ಎನ್ನಿಸಿತು. ಈ ಆಸೆಯನ್ನು ಅವಳಿಗೆ ಹೇಳಲಿಲ್ಲ. ಆದರೆ ವಿಮೆಯವನು ವಿಮೆಯಿಲ್ಲದೆ ಆಸೆಯನ್ನೂ ಪಡಲಾರ. ಮರುದಿನ ಕಚೇರಿಯಲ್ಲಿ ಪಕ್ಕದ ಮೇಜಿನ ಗೋಖಲೆಯನ್ನು, ಬಾಡಿಗೆ ಸ್ನೋ ಸ್ಕೂಟರಿಗೆ ವಿಮೆ ಮಾಡಲು ಬರುತ್ತದೆಯೇ ಎಂದು ಕೇಳಿದೆ.

ಗೋಖಲೆ ನಿಯಮದ ಮನುಷ್ಯ. ಅರ್ಜಿಯ ಫಾರಂ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, “ಚಾಕಂ ಕಿತಿ?” ಎಂದ. ಚಕ್ರ ಎಷ್ಟು ಎಂಬುದೇ ನಮ್ಮ ವಿಭಾಗದ ಮೊದಲ ಪ್ರಶ್ನೆ. ಇಲ್ಲ ಎಂದೆ. ಅವನು ಪೆನ್ನು ಕೆಳಗಿಟ್ಟ. ಅಲ್ಲಿಂದ ಮಧ್ಯಾಹ್ನದ ಊಟದವರೆಗೆ ವಾಹನ ವಿಭಾಗದಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಚಕ್ರವಿಲ್ಲದ್ದು ದೋಣಿ, ಆದ್ದರಿಂದ ಸಾಗರ ವಿಭಾಗಕ್ಕೆ ಕಳಿಸಬೇಕು ಎಂದು ಒಬ್ಬರು. ಹಿಮವೂ ನೀರೇ ಅಲ್ಲವೇ ಎಂದು ಅವರ ವಾದ. ರಬ್ಬರ್ ಪಟ್ಟಾ ಇದ್ದ ಮೇಲೆ ಅದು ಯಂತ್ರ, ಹಿಟ್ಟಿನ ಗಿರಣಿಯ ಲೆಕ್ಕದಲ್ಲಿ ಬರುತ್ತದೆ ಎಂದು ಇನ್ನೊಬ್ಬರು. ಕೊನೆಗೆ ನಮ್ಮ ಮ್ಯಾನೇಜರು, ಗದಗಿನ ಕಡೆಯ ದೇಸಾಯಿ ಸಾಹೇಬರು, ಹೊರಗೆ ಬಂದರು.

“ಗಾಡಿ ಬಾಡಿಗಿ ಕೊಡಾಂವನ್ದು, ಅದರ ಚಿಂತಿ ಅವನ್ದು. ನೀವು ನಿಮ್ಮ ಎಲುಬಿಗೆ ವಿಮಾ ಮಾಡಸ್ರಿ,” ಎಂದು ಹೇಳಿ ಒಳಗೆ ಹೋದರು.

ಎಲುಬಿನ ವಿಮೆ ಎಂದರೆ ವೈಯಕ್ತಿಕ ಅಪಘಾತದ ಪಾಲಿಸಿ. ಗೋಖಲೆ ಹುರುಪಿನಿಂದ ಆ ಫಾರಂ ತುಂಬತೊಡಗಿದ. ಹೆಸರು, ವಯಸ್ಸು, ಉದ್ಯೋಗ ಎಲ್ಲ ಸರಾಗವಾಗಿ ಮುಗಿದವು. ಆಮೇಲೆ ತಲೆಯೆತ್ತದೆ ನನ್ನ ಡ್ರೈವಿಂಗ್ ಲೈಸೆನ್ಸಿನ ನಂಬರು ಕೇಳಿದ. ಫಾರಮ್ಮಿಗೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಹೇಳಿದವರ ಗತಿ ಏನಾಗುತ್ತದೆಂದು ನೋಡಿದ್ದೇನೆ. ಲೈಸೆನ್ಸ್ ಇಲ್ಲ ಎಂದೆ. ಗೋಖಲೆ ನನ್ನ ಮುಖ ನೋಡಿದ, ಆಮೇಲೆ ಮೇಜಿನ ಮೇಲಿನ ಹೆಲ್ಮೆಟ್ ನೋಡಿದ. “ಮಗ ಹೆ ಕುಣಾಚಂ?” ಎಂದು ಮೆಲ್ಲಗೆ ಕೇಳಿದ. ಹಾಗಾದರೆ ಇದು ಯಾರದು? ನನ್ನದೇ, ಆದರೆ ಹಿಂದಿನ ಸೀಟಿನದು ಎಂದು ಹೇಳಬೇಕಾಯಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗೋಖಲೆ ಲೈಸೆನ್ಸಿನ ಜಾಗದಲ್ಲಿ ‘ಇಲ್ಲ’ ಎಂದು ಬರೆದು ಪಾಲಿಸಿ ಮಾಡಿಕೊಟ್ಟ. ನಾಲ್ಕು ಗಂಟೆಯ ಚಹಾದ ಹೊತ್ತಿಗೆ ಕ್ಯಾಂಟೀನಿನ ಶೆಟ್ಟರು ಕೂಡ ನನ್ನ ಕಪ್ಪನ್ನು ವಿಶೇಷ ಮರ್ಯಾದೆಯಿಂದ ಮುಂದಿಟ್ಟರು, ಕಾಯಿಲೆಯವರ ಮುಂದೆ ಇಡುವ ಹಾಗೆ.

ಮನಾಲಿಯಿಂದ ಮೇಲೆ, ಸ್ನೋ ಸ್ಕೂಟರು ಬಾಡಿಗೆಗೆ ಸಿಗುವ ಬಯಲಿನಲ್ಲಿ ಹಿಮ ಇನ್ನೂ ದಪ್ಪಗಿತ್ತು. ನಾವಿಬ್ಬರೂ ಬಾಡಿಗೆಯ ಕೋಟು, ಬಾಡಿಗೆಯ ಗಮ್‌ಬೂಟು ಹಾಕಿಕೊಂಡು ಕರಡಿಗಳ ಹಾಗೆ ನಿಂತಿದ್ದೆವು. ಯಂತ್ರದ ಮಾಲೀಕ ಠಾಕೂರ್ ಎಂಬವನು ಸಹಿಯ ಕಾಗದ ಚಾಚಿದ. ನಾನು ಅದನ್ನು ಎರಡು ಸಲ ಓದಿ, ಇದಕ್ಕೆ ವಿಮೆ ಇದೆಯೇ ಎಂದು ಹಿಂದಿಯಲ್ಲಿ ಕೇಳಿದೆ. ಅವನು ಸುತ್ತಲಿನ ಬಿಳಿ ಬಯಲನ್ನು ತೋರಿಸಿ, “ಸಾಬ್, ಯಹಾಂ ಟಕರಾಯೇಗಾ ಕಿಸ್ ಸೇ?” ಎಂದ. ಇಲ್ಲಿ ಗುದ್ದುವುದು ಯಾವುದಕ್ಕೆ? ಹದಿನೆಂಟು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಸಮರ್ಪಕವಾದ ಉತ್ತರ ಅದು. ಸಹಿ ಮಾಡಿದೆ. ಯಾರು ನಡೆಸುತ್ತೀರಿ ಎಂದು ಅವನು ಕೇಳಿದ. ಸುನಂದಾ ಅಭ್ಯಾಸದಿಂದ ಮುಂದೆ ಬಂದಿದ್ದಳು.

“ನಾನು,” ಎಂದೆ.

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಹಿಂದೆ ಹೋಗಿ ಕೂತಳು.

ಬಲಗೈಯ ಹೆಬ್ಬೆರಳಿನಿಂದ ಒಂದು ಸಣ್ಣ ಹಿಡಿಕೆ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಧಾನವಾಗಿ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಒತ್ತಿದೆ. ಯಂತ್ರ ಒಮ್ಮೆ ಗುರುಗುಟ್ಟಿ ಹೊರಟಿತು. ವಾಲಲಿಲ್ಲ. ಹಗ್ಗ ಕಟ್ಟಿದ ಬಯಲಿನ ಸುತ್ತ ಒಂದು ಸುತ್ತು ಬಂದೆ. ಹೆದರಿಕೆ ಆಯಿತೇನು ಎಂದು ಹಿಂದೆ ಕೂತವಳನ್ನು ಕೇಳಿದೆ.

“ಇಲ್ರಿ, ನೋಡ್ಲಿಕತ್ತೀನಿ,” ಎಂದಳು. “ಹಿಂದ ಕುಂತ್ರ ಇಷ್ಟೆಲ್ಲಾ ಕಾಣಸ್ತದೇನ್ರಿ? ನನಗ ಹದಿನೆಂಟು ವರ್ಷ ಬರೇ ಮುಂದಿನ ಬಸ್ಸಿನ ಬೆನ್ನಷ್ಟ ಕಂಡದ.”

ಪುಣೆಯ ಲಕ್ಷ್ಮಿ ರೋಡಿನಲ್ಲಿ ಹೋಗುವಾಗ ‘ಅಲ್ಲಿ ಹೊಸ ಸೀರೆ ಅಂಗಡಿ ನೋಡು, ಇಲ್ಲಿ ಹಳೇ ವಾಡೆ ಕೆಡವುತ್ತಿದ್ದಾರೆ ನೋಡು’ ಎಂದು ನಾನು ಹಿಂದಿನಿಂದ ಹೇಳುತ್ತ ಬಂದದ್ದು, ‘ಸುಮ್ಮ ಕೂಡ್ರಿ, ರಸ್ತಾ ನೋಡೂದದ’ ಎಂದು ಅವಳು ಅನ್ನುತ್ತ ಬಂದದ್ದು ನೆನಪಾಯಿತು. ಊರನ್ನೆಲ್ಲ ನಾನೊಬ್ಬನೇ ನೋಡಿಬಿಟ್ಟಿದ್ದೆ. ಈಗ ನನಗೆ ಪರ್ವತ ಕಾಣುತ್ತಲೇ ಇರಲಿಲ್ಲ. ಹೆಬ್ಬೆರಳು, ಹಗ್ಗ, ಮುಂದಿನ ಹತ್ತು ಅಡಿ ಹಿಮ, ಇಷ್ಟೇ. ಅವಳು ನೋಡಲಿ ಎಂದು ಇನ್ನೊಂದು ಸುತ್ತು, ಮೊದಲಿಗಿಂತ ನಿಧಾನವಾಗಿ ಬಂದೆ. ಠಾಕೂರನ ಮುಂದೆ ಅಳತೆ ಮಾಡಿದ ಹಾಗೆ ನಿಲ್ಲಿಸಿದೆ.

ಆಮೇಲೆ, ಸ್ಕೂಟರಿನವರು ಇಳಿಯುವ ಗತ್ತಿನಲ್ಲಿ ಕಾಲನ್ನು ಬೀಸಿ ಪಕ್ಕಕ್ಕೆ ಇಳಿದೆ. ಅಲ್ಲಿ ಹಿಮ ಮೆತ್ತಗಿತ್ತು. ತೊಡೆಯವರೆಗೆ ಹೂತುಹೋದೆ, ಪಾದ ಉಳುಕಿತು. ಠಾಕೂರ್ ಮತ್ತು ಸುನಂದಾ ಸೇರಿ ಹೊರಗೆಳೆದರು. ಬೂಟು ಆಮೇಲೆ ಬಂತು.

ಪುಣೆಗೆ ಕುಂಟುತ್ತ ಮರಳಿದಾಗ ಗೋಖಲೆಗೆ ಆದ ಸಂತೋಷ ಹೇಳತೀರದು. ಪಾಲಿಸಿ ವ್ಯರ್ಥವಾಗಲಿಲ್ಲವಲ್ಲ. ಪರಿಹಾರದ ಫಾರಂ ತಾನೇ ತಂದುಕೊಟ್ಟ. ಅಪಘಾತ ಹೇಗಾಯಿತೆಂದು ಸಾಕ್ಷಿಯಾದವರು ಒಂದು ಹಾಳೆಯಲ್ಲಿ ಸ್ವಂತ ಮಾತಿನಲ್ಲಿ ಬರೆದು ಸಹಿ ಮಾಡಬೇಕು. ‘ಇಳಿಯುವಾಗ’ ಎಂದು ಬರೆದರೆ ಸಾಕು, ‘ನಿಂತ ಗಾಡಿಯಿಂದ’ ಅನ್ನುವ ವಿವರ ಬೇಕಾಗಿಲ್ಲ ಎಂದು ಸುನಂದಾಳಿಗೆ ಸೂಚಿಸಿದೆ.

“ನಾ ಕಂಡದ್ದ ಬರೀತೀನ್ರಿ,” ಎಂದು ಅವಳು ಹಾಳೆ ತೆಗೆದುಕೊಂಡು, ಶಾಲೆಯ ಅಕ್ಷರದಲ್ಲಿ ಹೀಗೆ ಬರೆದಳು: ‘ನಮ್ಮ ಮನೆಯವರು ಗಾಡಿಯನ್ನು ಎರಡು ಸುತ್ತು ಬಹಳ ಚೆನ್ನಾಗಿ ನಡೆಸಿದರು. ಹಿಂದೆ ಕೂತ ನನಗೆ ಸ್ವಲ್ಪವೂ ಹೆದರಿಕೆ ಆಗಲಿಲ್ಲ. ಗಾಡಿ ನಿಂತ ಮೇಲೆ ಇಳಿದು ಬಿದ್ದರು.’

ಗೋಖಲೆ ಆ ಹಾಳೆಯನ್ನು ಮೂರು ಸಲ ಕೇಳಿದ. ಕಾಗದ ಕಳೆದಿದೆ ಎಂದೆ. ನಾನು ಗಾಡಿ ನಡೆಸಿದ್ದೆ ಎಂಬುದಕ್ಕೆ ಈ ಲೋಕದಲ್ಲಿರುವ ಲಿಖಿತ ಆಧಾರ ಅದೊಂದೇ. ಉಳುಕಿದ ಪಾದಕ್ಕಾಗಿ ಅದನ್ನು ಕಡತಕ್ಕೆ ಕೊಡಲು ಮನಸ್ಸಾಗಲಿಲ್ಲ. ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಕೊನೆಯ ವಾಕ್ಯ ಒಳಗೆ ಹೋಗುವಂತೆ ಮಡಚಿ.